ಬಾಗಿಲಿಗೆ ಬಂದ ವೇಷ ಯಾವ ಊರಿನದು?

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ಕಡೆಯಿಂದ ಮನೆಗೆಲಸ, ಗೇರುಬೀಜದ ಕೆಲಸ, ಬೀಡಿ ಕೆಲಸ ಎಲ್ಲ ಬದಿಗಿಟ್ಟು ಬಂದಿದ್ದೀರಿ. ಉಳಿತಾಯ, ಸಾಲ, ಮರುಪಾವತಿ ವಿಷಯ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ಬೇರೊಂದು ವಿಷಯ. ಕಾಣುವುದಕ್ಕೆ ಸಣ್ಣದು, ಆದರೆ ಅಷ್ಟು ಸಣ್ಣದಲ್ಲ. ಹಬ್ಬದ ದಿನಗಳಲ್ಲಿ ನಮ್ಮ ಮನೆ ಬಾಗಿಲಿಗೆ ವೇಷ ಬರ್ತದೆ, ಹಾಡು ಬರ್ತದೆ. ಬಂದವರು ನಮ್ಮೂರಿನವರಾದರೆ "ಬನಿ, ಕೂಕಣಿ" ಅಂತೇವೆ. ಹೊರಗಿನವರಾದರೆ ಏನಂತೇವೆ? ಈ ಪ್ರಶ್ನೆಯನ್ನು ಇವತ್ತು ನಾವೆಲ್ಲ ಸೇರಿ ಯೋಚಿಸುವ.

ಮೊದಲು ನಮ್ಮಲ್ಲಿ ಏನೇನು ಪದ್ಧತಿ ಇದೆ ಅಂತ ನೋಡುವ. ನವರಾತ್ರಿಗೆ, ಅಂದರೆ ನಮ್ಮ ಮಾರ್ನಮಿಗೆ, ಹೂವಿನಕೋಲು ಬರ್ತಿತ್ತು. ಭಾಗವತರು, ಮದ್ದಳೆಯವರು, ಜೊತೆಗೆ ಒಂದಿಬ್ಬರು ಹುಡುಗರು. ಹೂವು ಕಟ್ಟಿದ ಕೋಲು ಇಟ್ಟುಕೊಂಡು ಎದುರುಬದುರು ಕೂತು ಯಕ್ಷಗಾನ ಪ್ರಸಂಗದ ತುಣುಕನ್ನು ಹೇಳುವುದು, ಮನೆಯವರಿಗೆ ಒಳ್ಳೆಯದಾಗಲಿ ಅಂತ ಹರಸುವುದು. ಮನೆಯವರು ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು ಕೊಡುವುದು. ಹಿಂದೆ ಊರ ಶಾಲೆಯ ಐಗಳೇ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದರು. ಮಧ್ಯೆ ಇದು ನಿಂತೇಹೋಗುವ ಸ್ಥಿತಿಗೆ ಬಂತು. 1975ರಲ್ಲಿ ಆರಂಭವಾದ ಸಾಲಿಗ್ರಾಮ ಮಕ್ಕಳ ಮೇಳದಂಥ ತಂಡಗಳು ಇಂಥ ಕಲೆಯನ್ನು ಮಕ್ಕಳ ಕೈಯಲ್ಲಿ ಉಳಿಸಲು ದುಡಿದಿವೆ.

ಹೋಳಿಗೆ ಕುಡುಬಿ ಸಮಾಜದವರು ಗುಮಟೆ ಬಾರಿಸುತ್ತಾ ಮನೆಮನೆಗೆ ಬರುತ್ತಾರೆ. ಮಳೆಗಾಲದಲ್ಲಿ ಯಕ್ಷಗಾನದ ಚಿಕ್ಕಮೇಳ ಬರ್ತದೆ. ಅಷ್ಟಮಿ, ನವರಾತ್ರಿಗೆ ಹುಲಿವೇಷ. ಡಿಸೆಂಬರ್ ತಿಂಗಳಲ್ಲಿ ನಮ್ಮ ಇಗರ್ಜಿಯ ಯುವಜನರು ಗಿಟಾರ್ ಹಿಡಿದು, ಒಬ್ಬನಿಗೆ ಕೆಂಪು ಅಂಗಿ, ಬಿಳಿ ಗಡ್ಡ ಹಾಕಿ, ಕ್ಯಾರಲ್ ಹಾಡುತ್ತಾ ಹೊರಡುತ್ತಾರೆ. ಅಲ್ಲಿಗೆ ಒಂದು ಮಾತು ಸ್ಪಷ್ಟ. ವೇಷ ಹಾಕಿ ಬಾಗಿಲಿಗೆ ಹೋಗುವುದು ಯಾವುದೋ ಒಂದು ಜಾತಿಯ, ಒಂದು ಧರ್ಮದ ಪದ್ಧತಿ ಅಲ್ಲ. ಈ ಕರಾವಳಿಯ ಪದ್ಧತಿ.

ಈಗ ನಮ್ಮ ಪ್ರಶ್ನೆಗೆ ಬರುವ. ಇತ್ತೀಚಿನ ವರ್ಷಗಳಲ್ಲಿ ಘಟ್ಟದ ಮೇಲಿನ ಮಕ್ಕಳೂ ವೇಷ ಹಾಕುತ್ತಾರೆ. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ತಾಸೆ ಇಲ್ಲ, ಡೋಲು ಇಲ್ಲ. ಒಂದು ಡಬ್ಬ ಬಡಿಯುತ್ತಾ, ಮುಖಕ್ಕೆ ಎರಡು ಗೆರೆ ಬಣ್ಣ ಎಳೆದುಕೊಂಡು ಬರ್ತಾರೆ. ಆಗ ನಮ್ಮ ಬಾಯಲ್ಲಿ ಬರುವ ಮಾತು ಎಂಥದ್ದು? "ಇವ್ರ್ ನಮ್ಮೂರಿನವ್ರಲ್ಲ ಮಾರಾಯ್ರೆ, ಇವ್ರಿಗೆ ಕುಣಿಯುಕೂ ಬತ್ತಿಲ್ಲ, ಬರೀ ದುಡ್ಡಿಗೆ ಬಪ್ಪುದು." ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲವರು ನಾಯಿ ಬಿಡುತ್ತೇನೆ ಅಂತಾರೆ.

ಈ ಮಾತು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಅಂತ ಮಕ್ಕಳು ಭೂತದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರೆ. ಮರುದಿನ, ನವೆಂಬರ್ 1, ಸಕಲ ಸಂತರ ಹಬ್ಬ. ಅದರ ಮುನ್ನಾದಿನ ಎಂಬುದರಿಂದಲೇ ಆ ಹೆಸರು ಬಂತು. ಅಲ್ಲಿಯೂ ಅನುಕೂಲಸ್ಥರ ಬೀದಿಗೆ ಬೇರೆ ಬಡಾವಣೆಯ ಮಕ್ಕಳು ವ್ಯಾನಿನಲ್ಲಿ ಬಂದಿಳಿದರೆ "ಇವರು ನಮ್ಮ ಬೀದಿಯ ಮಕ್ಕಳಲ್ಲ" ಎಂಬ ಗೊಣಗಾಟ ಏಳುತ್ತದೆ. ದೇಶ ಬೇರೆ, ಮಾತು ಒಂದೇ. ಆ ಮಕ್ಕಳ ತಂದೆತಾಯಿ ಅಲ್ಲಿಗೆ ಕರೆತರುವುದು ಯಾಕೆ? ತಮ್ಮ ಬೀದಿಯಲ್ಲಿ ಕೊಡುವವರು ಕಡಿಮೆ, ಅಥವಾ ರಾತ್ರಿ ನಡೆಯಲು ಭಯ ಅಂತ. ಇಲ್ಲಿ ಡಬ್ಬ ಬಡಿಯುವ ಮಗುವಿಗೂ ಶೆಡ್ಡಿನ ಸಾಲಿನಲ್ಲಿ ಕೊಡುವವರು ಯಾರಿದ್ದಾರೆ?

ಹೊರಗಿನವರು ಅಂದರೆ ಯಾರು? ಇದನ್ನೂ ಸ್ವಲ್ಪ ಯೋಚಿಸಿ. ಗುಮಟೆಯ ಕುಡುಬಿಯವರು ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರು. ನಮ್ಮ ಕೊಂಕಣಿ ಕ್ರೈಸ್ತರ ಹಿರಿಯರೂ ಗೋವಾದಿಂದಲೇ ಬಂದವರು. ಗುಮಟೆ ನಮ್ಮಲ್ಲೂ ಇದೆ. ಬಂದ ದಿನ ಇಬ್ಬರೂ ಪರವೂರಿನವರೇ. ಯಾರೋ ಜಾಗ ಕೊಟ್ಟರು, ಇವತ್ತು ಊರಿನವರಾದೆವು. ಇನ್ನು ನಮ್ಮ ಮಕ್ಕಳು ಎಲ್ಲಿದ್ದಾರೆ? ಬೆಂಗಳೂರಿನ, ಮುಂಬಯಿಯ ಹೋಟೆಲುಗಳಲ್ಲಿ, ದುಬೈ, ಕುವೈತಿನಲ್ಲಿ. ಅಲ್ಲಿ ಅವರೇ ಹೊರಗಿನವರು. ಅವರನ್ನು ಯಾರಾದರೂ "ಎಲ್ಲಿಂದಲೋ ಬಂದವ" ಅಂದರೆ ನಮ್ಮ ಹೊಟ್ಟೆ ಉರಿಯುತ್ತದೆ, ಹೌದಲ್ದಾ?

ನಿಮ್ಮಲ್ಲಿ ಕೆಲವರು ಕೇಳಬಹುದು: "ಬಾಯಿ, ಹೇಳುವುದು ಸುಲಭ. ಮನೆಯಲ್ಲಿ ನಾನೊಬ್ಬಳೇ, ಗಂಡ ದೋಣಿಗೆ ಹೋಗಿದ್ದಾರೆ. ಬಣ್ಣ ಹಚ್ಚಿದವರ ಮುಖವೇ ಗೊತ್ತಾಗುವುದಿಲ್ಲ. ಕಳ್ಳರಾದರೆ?" ಈ ಭಯ ಸುಳ್ಳಲ್ಲ. ದುಡ್ಡಿನ ಮಾತೂ ಸುಳ್ಳಲ್ಲ. ದಿನಕ್ಕೆ ಹತ್ತು ತಂಡ ಬಂದರೆ ಬಡವರ ಮನೆಯಲ್ಲಿ ಎಲ್ಲರಿಗೂ ಕೊಡಲು ಎಲ್ಲಿಂದ ತರುವುದು? ಕೊಡಲೇಬೇಕು ಅಂತ ನಾವು ಹೇಳುವುದಿಲ್ಲ. ಇಲ್ಲ ಅನ್ನಲು ನಮಗೆ ಹಕ್ಕಿದೆ. ಆದರೆ ಇಲ್ಲ ಅನ್ನುವುದು ಬೇರೆ, ಅವಮಾನ ಮಾಡುವುದು ಬೇರೆ. ಜಾಗ್ರತೆ ಬೇರೆ, ಸಂಶಯದ ರೋಗ ಬೇರೆ.

ಸಂಶಯ ಎಲ್ಲಿಯವರೆಗೆ ಹೋಗಬಹುದು ಅಂತ 2018ರಲ್ಲಿ ನೋಡಿದೆವು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಸುಳ್ಳು ಸುದ್ದಿ ಹರಡಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬಲ್ಲಿ ಐದು ಜನರನ್ನು ಹೊಡೆದು ಕೊಂದರು. ಅವರು ಊರೂರು ತಿರುಗಿ ಭಿಕ್ಷೆ ಬೇಡುವ ಅಲೆಮಾರಿ ಸಮುದಾಯದವರು, ಹೆಚ್ಚಿನವರು ನಮ್ಮ ವಿಜಯಪುರದ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯವರು. ಅದೇ ಜುಲೈ 13ರಂದು ನಮ್ಮ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಯುವಕನನ್ನು ಗುಂಪು ಕೊಂದಿತು. ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣ. ಹೊಡೆದವರೂ ನಮ್ಮ ಹಾಗೆ ಮನೆ, ಮಕ್ಕಳು ಇದ್ದವರೇ. ಆದ್ದರಿಂದ ಗೊತ್ತಿಲ್ಲದವರ ಫೋಟೋ ತೆಗೆದು "ಎಚ್ಚರಿಕೆ" ಅಂತ ಗುಂಪಿಗೆ ಕಳಿಸುವ ಮೊದಲು ನೂರು ಸಲ ಯೋಚಿಸಿ.

ಕಾನೂನು ಏನು ಹೇಳುತ್ತದೆ? ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರಲ್ಲೂ ಧರ್ಮದ ಅಥವಾ ಸಂಪ್ರದಾಯದ ಹರಕೆಗಾಗಿ ಯಾರಿಗೂ ಉಪದ್ರವ ಕೊಡದೆ ಬೇಡುವವರನ್ನು ಭಿಕ್ಷುಕರು ಅಂತ ಲೆಕ್ಕ ಹಾಕುವುದಿಲ್ಲ.

ಬಣ್ಣದ ಹಿಂದೆ ಯಾರಿದ್ದಾರೆ ಅಂತಲೂ ನಮಗೆ ಗೊತ್ತಿರುವುದಿಲ್ಲ. ಕಟಪಾಡಿಯ ರವಿ ಅವರ ಹೆಸರು ನೀವೆಲ್ಲ ಕೇಳಿದ್ದೀರಿ. ಕೂಲಿ ಕೆಲಸ ಮಾಡುವವರು. ಅಷ್ಟಮಿಗೆ ಭಯಂಕರ ವೇಷ ಹಾಕಿ ಸಂಗ್ರಹಿಸಿದ ಹಣವನ್ನು ಬಡ ಮಕ್ಕಳ ಚಿಕಿತ್ಸೆಗೆ ಕೊಟ್ಟವರು. ವೇಷ ನೋಡಿ ಹೆದರಿ ಬಾಗಿಲು ಹಾಕಿದ್ದರೆ ಆ ಹಣ ಕೂಡುತ್ತಿತ್ತೇ?

ಹಾಗಾದರೆ ನಮ್ಮ ಸಂಘಗಳು ಏನು ಮಾಡಬಹುದು? ಕೆಲವು ಸಲಹೆ ಮುಂದಿಡುತ್ತೇವೆ. ನಿಮ್ಮ ವಾರದ ಸಭೆಯಲ್ಲಿ ಚರ್ಚೆ ಮಾಡಿ, ಸರಿ ಕಂಡರೆ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

1. ಹಬ್ಬದ ತಿಂಗಳಿಗೆ ಇಷ್ಟು ಅಂತ ಪ್ರತಿ ಮನೆಯವರೂ ಚಿಲ್ಲರೆ ತೆಗೆದಿಡಿ. ಮುಗಿದ ಮೇಲೆ "ಈ ಸಲ ಆಯ್ತು ಮಕ್ಳೇ, ಬಪ್ಪ ವರ್ಷ ಬನ್ನಿ" ಅಂತ ನಗುತ್ತಾ ಹೇಳಿ. ಊರಿನವರಿಗೂ ಹೊರಗಿನವರಿಗೂ ಒಂದೇ ಲೆಕ್ಕ.

2. ಒಬ್ಬರೇ ಇದ್ದರೆ ಒಳಗೆ ಕರೆಯಬೇಡಿ. ಜಗಲಿಯಿಂದಲೇ ಮಾತಾಡಿ, ಪಕ್ಕದ ಮನೆಯವರನ್ನು ಕೂಗಿ. ನಿಜವಾಗಿ ಅಪಾಯ ಕಂಡರೆ 112ಕ್ಕೆ ಫೋನ್ ಮಾಡಿ. ಗುಂಪು ಸೇರಿಸಬೇಡಿ.

3. "ಯಾವೂರು, ಎಲ್ಲಿ ಉಳ್ಕಂಡಿದ್ರಿ?" ಅಂತ ಮರ್ಯಾದೆಯಿಂದ ಕೇಳಿ. ಬಿಸಿಲಲ್ಲಿ ಬಂದವರಿಗೆ ಒಂದು ಚೊಂಬು ನೀರು ಕೊಡಿ.

4. ಶಾಲೆ ಇರುವ ದಿನ ಮಕ್ಕಳು ವೇಷದಲ್ಲಿ ಕಂಡರೆ, ದೊಡ್ಡವರು ಹೊಡೆದು ದುಡಿಸುವ ಹಾಗೆ ಕಂಡರೆ, ಬೈಯುವುದು ಆ ಮಗುವಿಗಲ್ಲ. 1098ಕ್ಕೆ ತಿಳಿಸಿ. ಅಂಗನವಾಡಿ ಟೀಚರಿಗೆ, ಹತ್ತಿರದ ಶಾಲೆಯ ಮಾಸ್ಟ್ರಿಗೆ ಹೇಳಿ.

5. ಶೆಡ್ಡಿನಲ್ಲಿರುವ ಹೆಂಗಸರನ್ನು ಒಮ್ಮೆ ಹೋಗಿ ಮಾತಾಡಿಸಿ. ಹೆಸರು ಗೊತ್ತಾದ ಮೇಲೆ ಹೊರಗಿನವರು ಎಂಬ ಮಾತು ತನ್ನಷ್ಟಕ್ಕೆ ಕಡಿಮೆಯಾಗುತ್ತದೆ.

ಸಹೋದರಿಯರೇ, ನಾವು ಸಂಘ ಕಟ್ಟಿದ ಹೊಸತರಲ್ಲಿ ಬ್ಯಾಂಕಿನ ಬಾಗಿಲಲ್ಲಿ ನಿಂತದ್ದು ನೆನಪಿದೆಯಲ್ಲ? ಅಲ್ಲಿ ನಮಗೆ ಮೊದಲು ಬೇಕಾದದ್ದು ಸಾಲ ಅಲ್ಲ, "ಬನ್ನಿ, ಕೂತುಕೊಳ್ಳಿ" ಎಂಬ ಒಂದು ಮಾತು. ಬರುವ ಮಾರ್ನಮಿಗೆ ಡಬ್ಬದ ಸದ್ದು ಕೇಳಿದಾಗ ಆ ಮಾತನ್ನು ನಾವು ಕೊಡುವ. ಅದಕ್ಕೆ ಪಾಸ್‌ಬುಕ್ ಬೇಡ, ಬಡ್ಡಿಯೂ ಇಲ್ಲ.