ಓಕ್ ಮರದ ತುಂಬು ವರ್ಷ, ಬರಡು ವರ್ಷ



ಓಕ್ ಎಂದೊಡನೆ ಮಲೆನಾಡಿನವರಾದ ನಮಗೆ ನೆನಪಾಗುವುದು ಕಾಫಿ ತೋಟದ ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಲದ ಮರ; ಹೆಸರಿನಲ್ಲಷ್ಟೇ ಓಕ್. ನಿಜವಾದ ಓಕ್ ಪಶ್ಚಿಮಘಟ್ಟದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಹಿಮಾಲಯದ ಇಳಿಜಾರುಗಳಲ್ಲಿ ಬಾಂಜ್ ಎಂಬ ಓಕ್ ಇದೆ. ನಾನು ಹೇಳಹೊರಟಿರುವುದು ಇನ್ನೂ ದೂರದ, ಅಮೆರಿಕದ ಓಕ್‌ಗಳ ಕುರಿತು. ಅಷ್ಟು ದೂರದ ಮರದ ಗೊಡವೆ ನಮಗೇಕೆಂದು ಕೇಳಬಹುದು. ಕಾಡಿನ ಫಸಲನ್ನು ತಾಳ್ಮೆಯಿಂದ, ದಶಕಗಳ ಕಾಲ, ಬರಿಗಣ್ಣಿನಿಂದ ಎಣಿಸಿದ ಉದಾಹರಣೆ ಅಲ್ಲಿದೆ ಎಂಬುದೇ ಕಾರಣ.

ಕ್ಯಾಲಿಫೋರ್ನಿಯಾದ ಕಾರ್ಮೆಲ್ ಕಣಿವೆಯಲ್ಲಿ ಹೇಸ್ಟಿಂಗ್ಸ್ ಎಂಬ ಸಂರಕ್ಷಿತ ಪ್ರದೇಶವಿದೆ. ಅಲ್ಲಿ ಒಂದು ಜಾತಿಯ ಮರಕುಟಿಗ ಮರದ ತೊಗಟೆಯಲ್ಲಿ ಸಾವಿರಾರು ತೂತು ಕೊರೆದು, ಒಂದೊಂದರಲ್ಲಿ ಒಂದೊಂದು ಓಕ್ ಕಾಯಿಯನ್ನು ಬಿಗಿಯಾಗಿ ತುರುಕಿ ಚಳಿಗಾಲಕ್ಕೆ ಕಣಜ ಮಾಡಿಕೊಳ್ಳುತ್ತದೆ. ಈ ಹಕ್ಕಿಯನ್ನು ಅಭ್ಯಸಿಸುತ್ತಿದ್ದ ವಾಲ್ಟರ್ ಕೋನಿಗ್ ಮತ್ತು ಸಂಗಡಿಗರಿಗೆ, ಹಕ್ಕಿಯ ಬಾಳು ತಿಳಿಯಬೇಕಾದರೆ ಕಾಯಿಯ ಲೆಕ್ಕ ಬೇಕಾಯಿತು. 1980ರಿಂದ ಐದು ಜಾತಿಗಳ ಸುಮಾರು 250 ಮರಗಳನ್ನು ಗುರುತಿಸಿ ಪ್ರತಿ ಶರತ್ಕಾಲದಲ್ಲೂ ಎಣಿಸತೊಡಗಿದರು. ವಿಧಾನ ಬಹು ಸರಳ. ಇಬ್ಬರು ಮರದ ಬೇರೆ ಬೇರೆ ಭಾಗಗಳನ್ನು ನೋಡುತ್ತ 15 ಸೆಕೆಂಡಿನಲ್ಲಿ ಕಂಡಷ್ಟು ಕಾಯಿ ಎಣಿಸುವುದು, ಎರಡನ್ನೂ ಕೂಡಿಸುವುದು. ಏಣಿಯಿಲ್ಲ, ಬಲೆಯಿಲ್ಲ.

ಕಂಡದ್ದೇನು? ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ; ಮರುವರ್ಷ ಅದೇ ಮರದಲ್ಲಿ ಹುಡುಕಿದರೂ ಇಲ್ಲ. ನೆರೆಯ ಮರಗಳದ್ದೂ ಬಹುಮಟ್ಟಿಗೆ ಅದೇ ಪಾಡು. 1994ರಿಂದ ಈ ಎಣಿಕೆಯನ್ನು ರಾಜ್ಯದ ಬೇರೆಡೆಗಳಿಗೂ ವಿಸ್ತರಿಸಿದಾಗ, ನೂರಾರು ಕಿಲೋಮೀಟರ್ ಅಂತರದಲ್ಲಿರುವ ಒಂದೇ ಜಾತಿಯ ಮರಗಳೂ ಜೊತೆಯಾಗಿ ಏರಿಳಿಯುವುದು ತಿಳಿಯಿತು.

ಮರಗಳು ಮಾತಾಡಿಕೊಳ್ಳುತ್ತವೆಂದು ಕಥೆ ಕಟ್ಟುವವರಿದ್ದಾರೆ, ಅದರ ಅಗತ್ಯವಿಲ್ಲ. ಓಕ್ ಗಾಳಿಯಿಂದ ಪರಾಗಸ್ಪರ್ಶ ಹೊಂದುವ ಮರ. ಕ್ಯಾಲಿಫೋರ್ನಿಯಾದ ಕಣಿವೆ ಓಕ್, ಏಪ್ರಿಲ್ ತಿಂಗಳು ಬೆಚ್ಚಗೆ ಒಣಗಿದ್ದರೆ ಆ ವರ್ಷ ಹೆಚ್ಚು ಕಾಯುತ್ತದೆ. ಅಂಥ ವಸಂತದಲ್ಲಿ ಸುತ್ತಲಿನ ಮರಗಳೆಲ್ಲ ಏಕಕಾಲಕ್ಕೆ ಹೂ ಬಿಡುತ್ತವೆ, ಪರಾಗ ಸುಲಭವಾಗಿ ಸಿಗುತ್ತದೆ. ಶೀತದ ವಸಂತದಲ್ಲಿ ಒಂದೊಂದು ಮರಕ್ಕೆ ಒಂದೊಂದು ಕಾಲ ಎಂಬುದು ಸಂಶೋಧಕರ ವಿವರಣೆ. ಹವೆಯೊಂದೇ ಅಲ್ಲ, ಭಾರಿ ಫಸಲು ಕೊಟ್ಟ ಮರ ತನ್ನೊಳಗಿನ ಸತ್ವವನ್ನು ಮತ್ತೆ ಕೂಡಿಸಿಕೊಳ್ಳಬೇಕಾಗುತ್ತದೆ. ಈ ಏರಿಳಿತದಿಂದ ಮರಕ್ಕೆ ಲಾಭವೂ ಉಂಟು. ಬರಡು ವರ್ಷಗಳಲ್ಲಿ ಕಾಯಿ ಕೊರೆಯುವ ಹುಳು, ಇಲಿಗಳ ಸಂಖ್ಯೆ ಕುಗ್ಗುತ್ತದೆ. ಆಮೇಲೆ ಒಮ್ಮೆಲೇ ಸುರಿದ ಕಾಯಿಗಳನ್ನು ಅವು ತಿಂದು ಮುಗಿಸಲಾರವು. ಉಳಿದವು ಮೊಳೆಯುತ್ತವೆ.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಕೆಲವು ಜಾತಿಗಳ ಕಾಯಿ ಹೂಬಿಟ್ಟ ವರ್ಷವೇ ಮಾಗುತ್ತದೆ, ಕೆಲವಕ್ಕೆ ಎರಡನೆಯ ವರ್ಷ ಬೇಕು. ಆದ್ದರಿಂದ ಹಲವು ಜಾತಿಗಳು ಬೆರೆತ ಗುಡ್ಡದಲ್ಲಿ ಎಲ್ಲವೂ ಒಟ್ಟಿಗೆ ಕೈಕೊಡುವುದು ಅಪರೂಪ. ಒಂದೇ ಜಾತಿಯ ತೋಪಿನಲ್ಲಿ ಮರಕುಟಿಗಕ್ಕೆ ಬರ ತಪ್ಪದು. ಓಕ್ ವೈವಿಧ್ಯವಿರುವೆಡೆ ಅದರ ಸಂಖ್ಯೆ ಹೆಚ್ಚು ಸ್ಥಿರ. ನೆಡುತೋಪನ್ನೇ ಕಾಡೆಂದು ಕರೆಯುವವರು ಇದನ್ನು ಗಮನಿಸಬೇಕು.

ಫಸಲಿನ ಪರಿಣಾಮ ಕಾಡಿನಂಚಿನಲ್ಲಿ ನಿಲ್ಲುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಓಕ್ ಕಾಡುಗಳಲ್ಲಿ ತುಂಬು ಫಸಲಿನ ಮರುಬೇಸಿಗೆಗೆ ಇಲಿಗಳು ಹೆಚ್ಚುತ್ತವೆ. ಅವುಗಳ ರಕ್ತ ಹೀರಿದ ಉಣ್ಣೆಗಳಿಂದ ಅದರ ಮುಂದಿನ ವರ್ಷ ಲೈಮ್ ಕಾಯಿಲೆಯ ಅಪಾಯ ಏರುತ್ತದೆ. ಮಂಗನ ಕಾಯಿಲೆಯನ್ನು ಕಂಡಿರುವ ನಮಗೆ ಉಣ್ಣೆಯ ಮಾತು ಹೊಸದಲ್ಲ. ಕಾಯಿಲೆ ಬೇರೆ, ಕಾಡು ಬೇರೆ. ಆದರೆ ಎರಡು ವರ್ಷ ಹಿಂದಿನ ಫಸಲು ಇಂದಿನ ಜ್ವರಕ್ಕೆ ಕಾರಣವಾಗಬಹುದೆಂದು ಒಂದೇ ವರ್ಷದ ಸಮೀಕ್ಷೆ ಎಂದೂ ತೋರಿಸದು.

ಈ ಲಯವೂ ಈಗ ಸುರಕ್ಷಿತವಲ್ಲ. ಓಕ್‌ನ ಹತ್ತಿರದ ಬಂಧುವಾದ ಬೀಚ್ ಮರವನ್ನು ಇಂಗ್ಲೆಂಡಿನಲ್ಲಿ 1980ರಿಂದ ಎಣಿಸಿದ್ದಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಪ ಏರಿದಂತೆ ಬೀಜವೇನೋ ಹೆಚ್ಚಿತು, ಆದರೆ ವರ್ಷವರ್ಷದ ಅಂತರವೂ ಮರಗಳ ಹೊಂದಾಣಿಕೆಯೂ ತಗ್ಗಿದವು. ಹುಳುಗಳು ತಿಂದದ್ದು ಹೆಚ್ಚಾಯಿತು. ಹೆಚ್ಚು ಬೀಜವೆಂದರೆ ಹೆಚ್ಚು ಸಸಿ ಎಂಬ ಲೆಕ್ಕ ಅಲ್ಲಿ ತಪ್ಪಿತು.

ಉಪ್ಪಾಗೆ, ಮುರುಗಲು, ರಾಮಪತ್ರೆಗಳ ಸಂಗ್ರಹವನ್ನು ಗುತ್ತಿಗೆಗೆ ಕೊಡುವಾಗ ಒಂದೆರಡು ವರ್ಷದ ತೂಕವನ್ನಷ್ಟೇ ಆಧಾರವಾಗಿಟ್ಟುಕೊಂಡರೆ, ಬರಡು ವರ್ಷದಲ್ಲಿ ಕೊಂಬೆಯನ್ನೇ ಕಡಿದು ಕಾಯಿ ಇಳಿಸುವ ಒತ್ತಡ ಹುಟ್ಟುತ್ತದೆ. ಸಸ್ಯಕ್ಷೇತ್ರದವರಿಗೂ ಇದು ಅನ್ವಯ: ಓಕ್ ಕಾಯಿಯಂತೆ ನಮ್ಮ ಧೂಪದ ಬೀಜವೂ ಒಣಗಿದರೆ ಸಾಯುತ್ತದೆ, ತುಂಬು ವರ್ಷದ್ದನ್ನು ಬರಡು ವರ್ಷಕ್ಕೆ ಕೂಡಿಡಲಾಗದು.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಪ್ರತಿ ಊರಿನವರೂ ಹತ್ತು ಮರ ಗುರುತಿಸಿ, ವರ್ಷವೂ ಅದೇ ವಾರದಲ್ಲಿ, ಇಬ್ಬರು ನಿಂತು 15 ಸೆಕೆಂಡು ಎಣಿಸಿರಿ. ಕಾಯಿ ತುಂಬಿದ ಮರಗಳನ್ನೇ ಆರಿಸಬೇಡಿ. ಹಾಗೆ ಮಾಡಿದರೆ ಮುಂದಿನ ವರ್ಷಗಳೆಲ್ಲ ಇಳಿಮುಖವಾಗಿಯೇ ಕಾಣುತ್ತವೆ. ಮುರುಗಲಿನಲ್ಲಿ ಹೂವಿನ ಕಾಲದಲ್ಲೇ ಹೆಣ್ಣು ಮರವನ್ನು ಗುರುತಿಸಿಕೊಳ್ಳಿ, ಗಂಡು ಮರದಡಿ ನಿಂತು ಎಷ್ಟು ವರ್ಷ ಎಣಿಸಿದರೂ ಫಲವಿಲ್ಲ. ಕಾಯಿ ಇಲ್ಲದ ವರ್ಷ ಪುಸ್ತಕವನ್ನು ಖಾಲಿ ಬಿಡದೆ ಸೊನ್ನೆಯೆಂದು ಬರೆದು, ದಿನಾಂಕ ಹಾಕಿ ಇಡಿ.