ಒಂದು ದಾರ, ಒಂದು ಬೀಗ, ಎಂಟು ಮಂದಿ ಶಿಕ್ಷಕರು



ಕನ್ನಡ ಬಿ.ಎ. ಓದಿದ ನಾನು ಭೌತವಿಜ್ಞಾನದ ಬಗ್ಗೆ ಮಾತಾಡಲು ಹೊರಟರೆ ನಿಮಗೆ ನಗು ಬಂದೀತು. ಶಾಲೆಯಲ್ಲಿ ಲೋಲಕದ ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು ನಾನು. ಲೋಲಕವೊಂದು ತೂಗಿದ್ದನ್ನು ಮಾತ್ರ ನೋಡಿರಲಿಲ್ಲ. ಮೊನ್ನೆ ಭಾನುವಾರ ನೋಡಿದೆ. ಅದೂ ಮುಂಬಯಿಯ ಒಂದು ಅಡುಗೆಮನೆಯಲ್ಲಿ!

ನನಗೆ ಪರಿಚಯದ ಟೀಚರೊಬ್ಬರು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿದ್ದಾರೆ. ಇಡೀ ಶಾಲೆಗೆ ಅವರೊಬ್ಬರೇ ವಿಜ್ಞಾನದ ಟೀಚರ್. ಪಾಠದಲ್ಲಿ ಸಂದೇಹ ಬಂದರೆ ಕನ್ನಡದಲ್ಲಿ ಕೇಳೋಣವೆಂದರೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲ.

ಶಿಕ್ಷಕರಿಗೆ ತರಬೇತಿಯೇ ಇಲ್ಲವೆಂದಲ್ಲ. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಸಂಬಂಧಿ ಕಲಿಕೆಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ‘ನಿಷ್ಠಾ’ ತರಬೇತಿಯೂ ‘ದೀಕ್ಷಾ’ ಮೂಲಕ ಆನ್‌ಲೈನ್ ಆಯಿತು. ಆದರೆ ಗಂಟೆಗಳನ್ನು ಎಣಿಸುವುದು ಸುಲಭ, ಕಲಿಯುವುದು ಕಷ್ಟ. ಕ್ಯಾಮರಾ ಬಂದ್, ಮೈಕ್ ಬಂದ್. ಅತ್ತ ಉಪನ್ಯಾಸ ಸಾಗುತ್ತಿರುತ್ತದೆ, ಇತ್ತ ಕುಕ್ಕರ್ ಕೂಗುತ್ತಿರುತ್ತದೆ. ಕೊನೆಗೆ ಒಂದು ಪ್ರಮಾಣಪತ್ರ!

ನಾನು ಕಂಡ ಸಭೆ ಹಾಗಿರಲಿಲ್ಲ. ಧಾರವಾಡ, ಕಲಬುರಗಿ, ಸೊಲ್ಲಾಪುರ, ಮುಂಬಯಿ ಎಂದು ಅಲ್ಲಲ್ಲಿಂದ ಎಂಟು ಮಂದಿ ಶಿಕ್ಷಕರು ತಾವಾಗಿಯೇ ಸೇರಿಕೊಂಡ ಸಭೆ ಅದು. ಉಪನ್ಯಾಸವಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ದಾರ ಕಟ್ಟಿ, ಕಲ್ಲನ್ನೋ ಬೀಗವನ್ನೋ ತೂಗುಬಿಟ್ಟು, 20 ಆಂದೋಲನಗಳ ಕಾಲವನ್ನು ಅಳೆಯಬೇಕು. ಮೊಳೆಯಿಂದ ಬೀಗದ ನಡುವಿನವರೆಗೆ ಒಂದು ಮೀಟರ್ ಉದ್ದ.

ಏಳು ಮಂದಿಗೆ ಬಂದದ್ದು ಸುಮಾರು 40 ಸೆಕೆಂಡು. ನಮ್ಮ ಟೀಚರಿಗೆ 38. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 9.8ರ ಬದಲು 10.9ರ ಹತ್ತಿರ! ಅವರ ಪೆನ್ನು 38ನ್ನು 40 ಮಾಡಲು ಹೊರಟದ್ದನ್ನು ನಾನು ಕಂಡೆ. ಒಂದು ಕ್ಷಣ ತಡೆದು, ಇದ್ದದ್ದನ್ನೇ ಹೇಳಿದರು.

ಧಾರವಾಡದ ಹಿರಿಯ ಮೇಷ್ಟ್ರು ಕೇಳಿದರು: “ಟೀಚರ್, ಎಣಿಸೋದು ಹೆಂಗ ಶುರು ಮಾಡಿದ್ರಿ?”

“ಬೀಗ ಬಿಟ್ಟ ಕೂಡಲೇ ‘ಒಂದು’ ಅಂತ ಶುರು ಮಾಡಿದೆ ಸರ್.”

“ಬಿಡೋವಾಗ ‘ಸೊನ್ನಿ’ ಅನಬೇಕ್ರಿ. ಹೋಗಿ ತಿರುಗಿ ಬಂದ ಮ್ಯಾಲೆ ‘ಒಂದು’. ನೀವು ಇಪ್ಪತ್ತು ಅಂದಾಗ ಆಗಿದ್ದು ಹತ್ತೊಂಬತ್ತೇ. ಕಾಳಜಿ ಮಾಡಬ್ಯಾಡ್ರಿ, ನಾನೂ ಭಾಳ ವರ್ಷ ಹಂಗ ಎಣಿಸೀನಿ.”

ಎಲ್ಲರೂ ನಕ್ಕರು. ನಮ್ಮ ಟೀಚರ್ ನಗಲಿಲ್ಲ. ಸಭೆ ಮುಗಿದ ಮೇಲೆ ನನಗೆ ಹೇಳಿದರು: “ಹೋದ ವರ್ಷ ಒಬ್ಬ ಹುಡುಗನಿಗೂ 10.9 ಬಂದಿತ್ತು ಮಾರಾಯ್ತಿ. ಸರಿಯಾಗಿ ಅಳೆಯಲಿಲ್ಲ ಅಂತ ಬೈದುಬಿಟ್ಟೆ. ಅವನು ಸರಿಯಾಗಿಯೇ ಅಳೆದಿದ್ದ. ಎಣಿಸಲು ಹೇಳಿಕೊಟ್ಟವಳು ನಾನು. ಉಳಿದ ಮಕ್ಕಳು ಪುಸ್ತಕ ನೋಡಿ 9.8 ಬರೆದಿದ್ದರು, ಅವರಿಗೆ ಪೂರ್ತಿ ಅಂಕ ಕೊಟ್ಟಿದ್ದೆ.”

ಶ್ರೋತೃಗಳೇ, ಇಂಥ ಕೂಟಗಳು ಹೊಸವಲ್ಲ. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲೇ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘ 1984ರಲ್ಲಿ ಹುಟ್ಟಿತು. ಆಗ ಸಭೆಗೆ ಹೋಗಲು ಊರು ಹತ್ತಿರವಿರಬೇಕಿತ್ತು, ಇಲ್ಲವೇ ರಜೆ ಸಿಗಬೇಕಿತ್ತು. ಈಗ ಒಂದು ಫೋನಿದ್ದರೆ ಸಾಕು. ಪರದೆಯ ಮೇಲೆಯೇ ತೂಗುವ ಲೋಲಕಗಳೂ ಇವೆ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯಲ್ಲಿ ಅವು ಉಚಿತವಾಗಿ ಸಿಗುತ್ತವೆ. ಬಹಳ ಉಪಯುಕ್ತ. ಆದರೆ ನಮ್ಮ ಎಣಿಕೆ ಎಲ್ಲಿ ತಪ್ಪಿತೆಂದು ತಿಳಿಯಲು ನಾವೇ ಎಣಿಸಬೇಕು, ಅದನ್ನು ಇನ್ನೊಬ್ಬರು ಕೇಳಬೇಕು. ತಪ್ಪನ್ನು ಅಂಜದೆ ಹೇಳಬಲ್ಲ ಜಾಗ ಬೇಕು. ಅಂಥ ಜಾಗ ಒದಗಿಸಿದರೆ ಮಾತ್ರ ಅದು ಶಿಕ್ಷಕರ ಸಭೆ.

ಸೋಮವಾರ ಟೀಚರ್ ಆ ಹುಡುಗನನ್ನು ಕರೆದು, “ತಪ್ಪು ನನ್ನದಪ್ಪಾ” ಎಂದರಂತೆ. ಮತ್ತೆ ಇಬ್ಬರೂ ಸೇರಿ ಸೊನ್ನೆಯಿಂದ ಎಣಿಸಿದರಂತೆ.

ನಿಮ್ಮ ಮನೆಯಲ್ಲೂ ಒಂದು ಬೀಗ, ಒಂದು ದಾರ ಇದ್ದೇ ಇರುತ್ತದೆ. ಇವತ್ತು ಸಂಜೆ ಮಕ್ಕಳೊಂದಿಗೆ ತೂಗಿಬಿಟ್ಟು ನೋಡಿ. ಮನೆಯಲ್ಲಿ ಶಿಕ್ಷಕರಿದ್ದರೆ, ಅವರು ಇಂಥ ಸಭೆಯಲ್ಲಿ ಕೂತಾಗ ಕುಕ್ಕರನ್ನು ನೀವು ನೋಡಿಕೊಳ್ಳಿ!