ಸುಮ್ಮನಾದ ಮಗು ಸುಧಾರಿಸಿತೇ?

(ಸೇಡಂ ತಾಲ್ಲೂಕಿನ ಮುಧೋಳದಲ್ಲಿ ಪಾಲಕರು, ಶಿಕ್ಷಕರ ಎದುರು ಮಾಡಿದ ಭಾಷಣದ ಬರಹರೂಪ)



ಆಟಿಸಂ ಇರುವ ಮಗು ತರಗತಿಯಲ್ಲಿ ಕೈ ಆಡಿಸುತ್ತ, ಮೈ ತೂಗುತ್ತ ಕೂತಿರುತ್ತದೆ. ನಿಲ್ಲಿಸಿದರೆ ಚಾಕೊಲೇಟು, ನಿಲ್ಲಿಸದಿದ್ದರೆ ಆಟ ಬಂದ್. ಕೆಲವೇ ದಿನಗಳಲ್ಲಿ ಮಗು ಸುಮ್ಮನಾಗುತ್ತದೆ. ಸುಧಾರಿಸಿತೆಂದು ನಾವು ಹಿಗ್ಗುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಇವಾರ್ ಲೊವಾಸ್ 1960ರ ದಶಕದಲ್ಲಿ ಇಂಥ ಮಕ್ಕಳ ವರ್ತನೆ ತಿದ್ದಲು ತಿನಿಸಿನ ಜೊತೆಗೆ ಗದರಿಕೆ, ಏಟು, ವಿದ್ಯುತ್ ಆಘಾತವನ್ನೂ ಬಳಸಿದರು. 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಮಕ್ಕಳಂತಾದರೆಂದು 1987ರಲ್ಲಿ ಬರೆದರು. ಪದ್ಧತಿ ಎಲ್ಲೆಡೆ ಹಬ್ಬಿತು. ಏಟು ಬಹುಮಟ್ಟಿಗೆ ಹೋಯಿತು. ಮಗು ಎಲ್ಲರಂತೆ ಕಾಣಬೇಕೆಂಬ ಹಟ ಉಳಿಯಿತು.

ಹಾಗೆ ಪಳಗಿ ದೊಡ್ಡವರಾದ ಅನೇಕರು ಹೇಳುವುದೇ ಬೇರೆ. ಮೈ ತೂಗುವುದು ಗದ್ದಲವನ್ನು ತಾಳಿಕೊಳ್ಳುವ ಉಪಾಯವಾಗಿತ್ತು. ಅದನ್ನು ಕಸಿದುಕೊಂಡಾಗ ಭಯವಷ್ಟೇ ಒಳಗುಳಿಯಿತು. ಹೇಳಿದ್ದಕ್ಕೆಲ್ಲ ತಲೆಬಾಗಲು ಕಲಿತ ಮಗು, ಯಾರಾದರೂ ಪೀಡಿಸಿದಾಗಲೂ 'ಬೇಡ' ಎನ್ನಲಾರದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ. ಮಗುವಿನ ಅಗತ್ಯಕ್ಕೆ ಶಾಲೆ ಹೊಂದಿಕೊಳ್ಳಬೇಕು ಎನ್ನುತ್ತದೆ.

ತಜ್ಞರಿಗಾಗಿ ನಾವು ದೂರದ ಊರಿಗೆ ಬಸ್ಸು ಹಿಡಿಯಬೇಕು, ನಿಜ. ಆದರೆ ಗದ್ದಲವಿಲ್ಲದ ಒಂದು ಮೂಲೆ, ಹಸಿವಾದರೆ ತೋರಿಸಲು ರೊಟ್ಟಿಯ ಚಿತ್ರ, ಗಂಟೆ ಬಾರಿಸುವ ಮೊದಲು ಒಂದು ಸೂಚನೆ, ಇವಕ್ಕೆ ಯಾವ ತಜ್ಞರೂ ಬೇಡ. ಮಗು ಕೈ ಆಡಿಸಿದಾಗ ಕೈ ಹಿಡಿಯಬೇಡಿ. ಅದಕ್ಕೆ ಏನು ತೊಂದರೆಯಾಗುತ್ತಿದೆ ಎಂದು ಸುತ್ತ ನೋಡಿ.